ಹಾಜರಿ ಪುಸ್ತಕ ಕೆಳಗೆ ಬರಲಿ
(ತುಮಕೂರಿನ ಶಿರಾ ಗೇಟಿನಲ್ಲಿ ನಡೆದ ನೌಕರರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮೇಷ್ಟರ ಕೆಲಸ ಬಿಟ್ಟು ಸಂಘಟನೆಗೆ ಬಂದವನು. ಆ ಕಾಲದ ನನ್ನದೊಂದು ತಪ್ಪನ್ನು ಒಪ್ಪಿಕೊಂಡೇ ಮಾತು ಆರಂಭಿಸುತ್ತೇನೆ. ನಾನಿದ್ದ ಶಾಲೆಯಲ್ಲಿ ಪೋಲಿಯೋದಿಂದ ಒಂದು ಕಾಲು ಸೋತ ಮೇಷ್ಟರೊಬ್ಬರಿದ್ದರು. ಹಾಜರಿ ಪುಸ್ತಕ ಇದ್ದದ್ದು ಮಹಡಿಯ ಮೇಲೆ. ದಿನವೂ ಅವರು ಗೋಡೆ ಹಿಡಿದು ಹತ್ತಬೇಕು, ಸಹಿ ಹಾಕಿ ಇಳಿಯಬೇಕು. ಐದು ನಿಮಿಷ ತಡವಾದರೆ ಕೆಂಪು ಶಾಯಿಯ ಗೆರೆ. ನಾವು ಅವರ ಚೀಲ ಹೊತ್ತೆವು, ಕೈ ಹಿಡಿದು ಹತ್ತಿಸಿದೆವು, ನಮ್ಮ ಒಳ್ಳೆಯತನವನ್ನು ನಾವೇ ಮೆಚ್ಚಿಕೊಂಡೆವು. ಪುಸ್ತಕವನ್ನೇ ಕೆಳಗೆ ತರಿಸಿ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೈ ಹಿಡಿಯುವವನು ರಜ ಹಾಕಿದ ದಿನ ಅವರ ಗತಿಯೇನು? ಕರುಣೆಯನ್ನು ನಂಬಿ ನೌಕರಿ ಮಾಡಲಾಗುವುದಿಲ್ಲ, ಬಂಧುಗಳೇ. ಅದಕ್ಕೆ ಹಕ್ಕು ಬೇಕು.

ಕಾನೂನಿಲ್ಲವೇ? ಇದೆ. 1995ರ ಕಾಯಿದೆ ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ ಮೂರನ್ನಾದರೂ ಅಂಗವಿಕಲರಿಗೆ ಮೀಸಲಿಡಬೇಕೆಂದಿತು; 2016ರ ಕಾಯಿದೆ ಅದನ್ನು ನಾಲ್ಕಕ್ಕೆ ಏರಿಸಿತು. ಸೇವೆಯಲ್ಲಿದ್ದಾಗ ಕಾಲೋ ಕಣ್ಣೋ ಕಳೆದುಕೊಂಡವನನ್ನು ಮನೆಗೆ ಕಳಿಸುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಸಿಗದಿದ್ದರೆ ನಿವೃತ್ತಿಯವರೆಗೂ ಹೆಚ್ಚುವರಿ ಹುದ್ದೆಯಲ್ಲಿ ಇರಿಸಲು 20ನೆಯ ಕಲಮಿನಲ್ಲಿ ಅವಕಾಶವಿದೆ.

ಬಡ್ತಿಯಲ್ಲಿ ಮೀಸಲಾತಿ ಕೇಳಿದಾಗ 1992ರ ಇಂದ್ರಾ ಸಾಹ್ನಿ ತೀರ್ಪನ್ನು ಅಡ್ಡ ಹಿಡಿದರು. ಅದು ಹಿಂದುಳಿದ ವರ್ಗಗಳ ವಿಚಾರ, ಅಂಗವಿಕಲರಿಗೆ ಅನ್ವಯಿಸದು ಎಂದು 2016ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. ಆದರೂ ತಕರಾರು ನಿಲ್ಲಲಿಲ್ಲ. ಕೊನೆಗೆ ಸಿದ್ದರಾಜು ಎಂಬವರಿಗೂ ನಮ್ಮ ಕರ್ನಾಟಕ ಸರ್ಕಾರಕ್ಕೂ ನಡೆದ ಮೊಕದ್ದಮೆಯಲ್ಲಿ, 2020ರ ಜನವರಿ 14ರಂದು, ಮೂವರು ನ್ಯಾಯಾಧೀಶರ ಪೀಠ ಆ ಮಾತನ್ನೇ ಎತ್ತಿಹಿಡಿಯಿತು.

ಬಡ್ತಿಗಾಗಿ ದೆಹಲಿಯವರೆಗೆ ಹೋಗಬೇಕಾದರೆ, ಶಿರಾ ಕಡೆಯಿಂದ ಬಂದು ಇಲ್ಲಿ ಬಸ್ಸಿಳಿಯುವ ಗುಮಾಸ್ತ, ಜವಾನ ಯಾರ ಬಾಗಿಲು ತಟ್ಟಬೇಕು? ಅದಕ್ಕೂ 23ನೆಯ ಕಲಮು ದಾರಿ ತೋರಿಸಿದೆ. ಪ್ರತಿಯೊಂದು ಸರ್ಕಾರಿ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರನ್ನು ಪುಸ್ತಕದಲ್ಲಿ ದಾಖಲಿಸಿ ಎರಡು ವಾರದೊಳಗೆ ವಿಚಾರಣೆ ಮಾಡಬೇಕು. ಸಮಾಧಾನವಾಗದಿದ್ದರೆ ಜಿಲ್ಲಾ ಸಮಿತಿಗೆ ಹೋಗಬಹುದು. ನಿಮ್ಮ ಕಛೇರಿಯಲ್ಲಿ ಆ ಅಧಿಕಾರಿ ಯಾರು? ನಾಳೆ ಬೆಳಿಗ್ಗೆ ಹೋಗಿ ಕೇಳಿ. ಬಾಯಿಮಾತಿನಲ್ಲಿ ಬೇಡಿಕೊಳ್ಳಬೇಡಿ, ಅರ್ಜಿ ಬರೆದುಕೊಡಿ, ನಕಲು ಇಟ್ಟುಕೊಳ್ಳಿ.

ನೌಕರ ಸಂಘದ ಮುಖಂಡರಿಗೂ ಒಂದು ಮಾತು. ತುಟ್ಟಿಭತ್ಯೆಗೆ ನಾವೆಲ್ಲ ಒಟ್ಟಾಗಿ ಕೂಗುತ್ತೇವೆ. ಇಳಿಜಾರು ದಾರಿ, ನೆಲ ಅಂತಸ್ತಿನ ಕೊಠಡಿ ಎಂದರೆ ‘ಅದು ಅವರ ಸಮಸ್ಯೆ’ ಎನ್ನುತ್ತೇವೆ. ಇವತ್ತು ಗಟ್ಟಿಯಾಗಿರುವ ಕಾಲು ನಾಳೆ ಲಾರಿಯ ಕೆಳಗೆ ಸಿಕ್ಕರೆ ಅದು ಯಾರ ಸಮಸ್ಯೆ? ಈ ಬೇಡಿಕೆಗಳನ್ನು ಪಟ್ಟಿಯಲ್ಲಿ ಸೇರಿಸಿ. ಕಾರ್ಯಕಾರಿ ಸಮಿತಿಯಲ್ಲಿ ಅಂಗವಿಕಲ ನೌಕರರಿಗೆ ಸ್ಥಾನ ಕೊಡಿ. ಅವರ ಮಾತನ್ನು ಅವರೇ ಆಡಲಿ.

ಮತ್ತೆ, ಆ ಸಮಿತಿಯ ಸಭೆ ಮಹಡಿಯ ಮೇಲೆ ನಡೆಯದಿರಲಿ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.