ಖೋಲಿಯೊಳಗೆ ಒಬ್ಬ ಹುಡುಗ

ಪಶ್ಚಿಮ ರೈಲ್ವೆಯ ದಾರಿಯಲ್ಲಿ ಮುಂಬಯಿ ಮಹಾನಗರಪಾಲಿಕೆಯ ಎಲ್ಲೆ ಮುಗಿಯುವುದು ದಹಿಸರಿನಲ್ಲಿ. ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ಹುಟ್ಟಿ ಬರುವ ಇಲ್ಲಿನ ನದಿಯ ದಂಡೆಯಲ್ಲಿ ಹಿಂದೆ ಹಿಂದಿ ಚಿತ್ರಗಳ ಚಿತ್ರೀಕರಣ ನಡೆಯುತ್ತಿತ್ತು. ಇಂದು ಸಿನಿಮಾ ಕಲಿಯುವ ಮಕ್ಕಳು ಕ್ಯಾಮೆರಾ ಹಿಡಿದು ಬಂದರೆ ಹುಡುಕುವುದು ನದಿಯನ್ನಲ್ಲ, ಒಂದು ಖೋಲಿಯನ್ನು.

ಹಗಲು ಉಡುಪಿ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋದ ಹುಡುಗನ ಕಥೆಯನ್ನೇ ಚಿತ್ರಕ್ಕೆ ತೆಗೆದುಕೊಳ್ಳೋಣ. ಕರಾವಳಿಯಿಂದ ಬಂದ ಎಷ್ಟೋ ಮಂದಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲೇ ಓದಿ ಬದುಕು ಕಟ್ಟಿಕೊಂಡರು. ಕಾಲ 1980 ಎಂದಿಟ್ಟುಕೊಳ್ಳಿ. ಸ್ಟುಡಿಯೋ ಬಾಡಿಗೆಗೆ ದುಡ್ಡಿಲ್ಲ. ಚಾಳಿನ ಒಂದು ಖೋಲಿ ಸಿಕ್ಕರೆ ಅದೇ ಸೆಟ್ಟು.

ಖೋಲಿ ನೋಡಲು ಹೋದಾಗ ಅಂದ ನೋಡಬೇಡಿ. ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ, ಬೆಳಕು ಯಾವ ಹೊತ್ತಿಗೆ ಯಾವ ಗೋಡೆಗೆ ಬೀಳುತ್ತದೆ ನೋಡಿ. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಹಿಂದೆ ಸರಿಯಲು ಜಾಗವಿರುವುದಿಲ್ಲ. ಮಾಳಾ ಎಂಬ ಅಟ್ಟ ಇದ್ದರೆ ಮೇಲಿನಿಂದ ಒಂದು ನೋಟ ಸಿಗುತ್ತದೆ. ಆಮೇಲೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತು ಕೇಳಿ. ಲೋಕಲ್ ರೈಲಿನ ಸದ್ದು ಮಾತಿನ ನಡುವೆ ಎಷ್ಟು ಸಲ ನುಗ್ಗುತ್ತದೆ ಎಂಬುದು ಅಲ್ಲೇ ಗೊತ್ತಾಗಬೇಕು. ಕಿಟಕಿಯಾಚೆ ಮೆಟ್ರೊ ಕಂಡರೆ ಕಥೆಯ ಕಾಲವೇ ಕೆಡುತ್ತದೆ. ದಹಿಸರಿಗೆ ಮೆಟ್ರೊ ಬಂದದ್ದು 2022ರ ಏಪ್ರಿಲಿನಲ್ಲಿ.

ಇನ್ನು ಸಜ್ಜಿಕೆ. ಅದರಲ್ಲಿ ತರುವ ಕೆಲಸಕ್ಕಿಂತ ತೆಗೆಯುವ ಕೆಲಸ ದೊಡ್ಡದು. ಪ್ಲಾಸ್ಟಿಕ್ ಕುರ್ಚಿ, ಸ್ವಿಚ್‌ಬೋರ್ಡು, ಫ್ರಿಜ್ಜು ಸರಿದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಮಲಗುವವನು ಯಾರು? ಒಂದೇ ಖೋಲಿಯಲ್ಲಿ ಎಂಟು ಹತ್ತು ಜನರಿದ್ದರೆ ಒಬ್ಬೊಬ್ಬನಿಗೂ ಸ್ವಂತದ್ದೆಂದು ಇರುವುದು ಒಂದು ಟ್ರಂಕು, ಸುತ್ತಿಟ್ಟ ಚಾಪೆ, ಒಂದು ಮೊಳೆ. ಆ ಮೊಳೆಗೆ ನಮ್ಮ ಹುಡುಗ ಏನು ತೂಗುಹಾಕಿದ್ದಾನೆ? ಹೋಟೆಲಿನ ಅಂಗಿಯೋ, ಪುಸ್ತಕದ ಚೀಲವೋ? ನನಗೆ ಸೆಟ್ಟೆಂದರೆ ಆ ಮೊಳೆಯೇ. ಟ್ರಂಕು ಹೊಸದಾಗಿ ಕೊಳ್ಳಬೇಡಿ. ನೆರೆಮನೆಯ ಅಟ್ಟದಲ್ಲಿ ತುಕ್ಕು ಹಿಡಿದದ್ದು ಇದ್ದೇ ಇರುತ್ತದೆ. ಹೊಸ ಬಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದರೆ ಹಳತಾಗುತ್ತದೆ. ಕ್ಯಾಲೆಂಡರ್ ಮಾತ್ರ ಆ ವರ್ಷದ್ದೇ ಇರಲಿ.

ರಾತ್ರಿಶಾಲೆಯ ದೃಶ್ಯಕ್ಕೆ ಹಗಲು ಶಾಲೆಯ ಕೋಣೆ ಸಿಕ್ಕರೆ ಚಿಕ್ಕ ಮಕ್ಕಳ ಚಿತ್ರಗಳನ್ನು ಗೋಡೆಯಿಂದ ಕೀಳಬೇಡಿ, ಗಿಡ್ಡ ಬೆಂಚುಗಳನ್ನು ಬದಲಿಸಬೇಡಿ. ಹಗಲು ಬೇರೆಯವರದಾದ ಕೋಣೆಯಲ್ಲಿ, ಮೊಣಕಾಲು ತಾಗುವ ಬೆಂಚಿನಲ್ಲಿ, ದಣಿದ ಮೈ ಹೊತ್ತು ಕೂತು ಓದಿದ್ದಾರೆ ರಾತ್ರಿಶಾಲೆಯವರು. ಅದನ್ನು ಮಾತಿನಲ್ಲಿ ಹೇಳಿಸುವ ಅಗತ್ಯವೇ ಬೀಳುವುದಿಲ್ಲ.

ನಮ್ಮ ಒಳ್ಳೆಯ ಚಿತ್ರಗಳು ಇದೇ ದಾರಿಯಲ್ಲಿ ನಡೆದಿವೆ. 1970ರ ‘ಸಂಸ್ಕಾರ’ದ ಅಗ್ರಹಾರಕ್ಕೆ ಶೃಂಗೇರಿ ಸಮೀಪದ ವೈಕುಂಠಪುರವೇ ಒದಗಿತು, ಕಲಾ ನಿರ್ದೇಶನ ಚಿತ್ರಕಲಾವಿದ ಎಸ್‌.ಜಿ. ವಾಸುದೇವ್ ಅವರದು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡಿದಾಗ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರ ಕೈಯಲ್ಲಿ ಆಗುಂಬೆಯೇ ಮಾಲ್ಗುಡಿಯಾಯಿತು. ಚಿತ್ರೀಕರಣ ನಡೆದ ಅಲ್ಲಿನ ದೊಡ್ಡಮನೆ ಜನ ಬಾಳುತ್ತಿದ್ದ ಮನೆ. ಬಾಳಿದ ಮನೆಗೆ ಇರುವ ಸವಕಲು ಹೊಸ್ತಿಲನ್ನು ಯಾವ ಬಡಗಿಯೂ ಒಂದು ವಾರದಲ್ಲಿ ಮಾಡಿಕೊಡಲಾರ.

ಆದ್ದರಿಂದಲೇ ಮನೆ ಬಿಟ್ಟುಕೊಟ್ಟವರ ಋಣ ದೊಡ್ಡದು. ಸಾಮಾನು ಸರಿಸುವ ಮುನ್ನ ನಾಲ್ಕೂ ಗೋಡೆಗಳ ಫೋಟೊ ತೆಗೆದಿಡಿ. ಕೆಲಸ ಮುಗಿದ ರಾತ್ರಿಯೇ ದೇವರ ಪಟದಿಂದ ಉಪ್ಪಿನ ಡಬ್ಬಿಯವರೆಗೆ ಎಲ್ಲವೂ ಇದ್ದಲ್ಲಿಗೇ ಹೋಗಲಿ. ಚಿತ್ರ ತೋರಿಸುವ ದಿನ ಮುಂದಿನ ಸಾಲಿನಲ್ಲಿ ಆ ಮನೆಯವರಿಗೆ ಜಾಗವಿರಲಿ.