ನೋಡುವ ಮೀನು, ಉಣ್ಣುವ ಮೀನು
(ಗ್ರಾಮ ಪಂಚಾಯಿತಿಯ ವಿಶೇಷ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಮಾಡಿದ ಭಾಷಣದ ಪಠ್ಯ)



ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪವು ಇಂದು ಎರಡು ವೃತ್ತಿಗಳಿಗೆ ಆಸರೆಯಾಗಿದೆ. ಒಬ್ಬರು ಮೀನು ಹಿಡಿಯಲು, ಇನ್ನೊಬ್ಬರು ಮೀನು ತೋರಿಸಲು ಆ ಕಡಲಿಗೆ ತೆರಳುತ್ತಾರೆ. ನೀರಿನಾಳದಲ್ಲಿ ಮೀನನ್ನು ಕಂಡುಬಂದ ಪ್ರವಾಸಿಗರಲ್ಲಿ ಕೆಲವರು ಮೀನೂಟವನ್ನೇ ತೊರೆಯುತ್ತಾರೆ. ಕೆಲವರು ಹವಳದ ನಡುವಿನ ಮೀನುಗಳನ್ನು ಮಾತ್ರ ಬಿಡುತ್ತಾರೆ. ಇನ್ನು ಕೆಲವರು ದಡ ಸೇರಿದೊಡನೆ ಹುರಿದ ಬಂಗುಡೆ ಕೇಳುತ್ತಾರೆ. ಯಾರನ್ನೂ ಹಳಿಯುವುದು ಈ ಸಭೆಯ ಉದ್ದೇಶವಲ್ಲ. ಆದರೆ ಹಿಡಿಯುವವನನ್ನು ಕ್ರೂರಿಯೆಂದೂ, ತಿನ್ನದವನನ್ನು ಡಾಂಭಿಕನೆಂದೂ ಕರೆಯುವ ಮಾತು ಬೆಳೆದರೆ ಒಂದೇ ಕಡಲನ್ನು ನೆಚ್ಚಿದ ಮನೆಗಳ ನಡುವೆ ಬಿರುಕು ಮೂಡುತ್ತದೆ.

ತಾಂತ್ರಿಕ ಶಿಕ್ಷಣ ಪಡೆದವನಾಗಿ ನಾನಿದನ್ನು ಕೆರೆಯ ಲೆಕ್ಕದಂತೆ ಕಾಣುತ್ತೇನೆ. ಒಳಹರಿವಿಗಿಂತ ಹೊರಹರಿವು ಹೆಚ್ಚಾದರೆ ಕೆರೆ ಬತ್ತುತ್ತದೆ. ಬಂಗುಡೆ, ತಾರ್ಲೆಗಳು ಸುಮಾರು ಒಂದು ವರ್ಷದಲ್ಲಿ ಮೊಟ್ಟೆಯಿಡುವ ಪ್ರಾಯಕ್ಕೆ ಬರುತ್ತವೆ. ಮುರುಮೀನು ನಿಧಾನವಾಗಿ ಬೆಳೆಯುತ್ತದೆ. ಅದರ ಹಲವು ಜಾತಿಗಳು ಮೊದಲು ಹೆಣ್ಣಾಗಿದ್ದು, ದೊಡ್ಡವಾದ ಮೇಲೆ ಗಂಡಾಗುತ್ತವೆ. ದೊಡ್ಡವನ್ನೇ ಆರಿಸಿ ಹಿಡಿದರೆ ಗಂಡುಗಳು ವಿರಳವಾಗಿ ಸಂತತಿ ಕುಂದುತ್ತದೆ. ಗಿಳಿಮೀನು ಹವಳದ ಬಂಡೆಗಳ ಮೇಲಿನ ಪಾಚಿಯನ್ನು ಮೇಯುತ್ತದೆ. ಅದು ಕಡಿಮೆಯಾದಲ್ಲಿ ಪಾಚಿಯು ಹವಳದ ಜಾಗವನ್ನು ಆಕ್ರಮಿಸುತ್ತದೆ. ಆದುದರಿಂದ ಮೀನು ತಿನ್ನಬೇಕೋ ಬೇಡವೋ ಎಂಬುದಕ್ಕಿಂತ ಯಾವ ಮೀನು, ಯಾವಾಗ, ಎಲ್ಲಿಂದ ಎಂಬ ಪ್ರಶ್ನೆ ಮುಖ್ಯವಾದುದು.

ಮೀನುಗಾರರು ಈಗಾಗಲೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳನ್ನು ದಡದಲ್ಲಿ ನಿಲ್ಲಿಸಿ ಕಡಲಿಗೆ ಬಿಡುವು ಕೊಡುತ್ತಿದ್ದಾರೆ. ಪ್ರವಾಸಿಗರಿಗೂ ಹೊಣೆಯಿದೆ. ಹವಳ, ಸಮುದ್ರಸೌತೆ, ತಿಮಿಂಗಿಲ ಶಾರ್ಕ್‌ಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮೀನು ತಿನ್ನೆನೆಂಬ ವ್ರತ ತೊಟ್ಟವರು ಹವಳದ ಮೇಲೆ ಕಾಲಿಟ್ಟು ಮುರಿದರೆ ಆ ವ್ರತದಿಂದ ಕಡಲಿಗೆ ದೊರೆಯುವ ಫಲವೇನು?

ತಮ್ಮಲ್ಲಿ ಮೂರು ವಿನಂತಿಗಳಿವೆ.

1. ಹೋಂಸ್ಟೇಗಳು ನೇತ್ರಾಣಿಯ ಸುತ್ತ ಹಿಡಿದ ಮುರುಮೀನು, ಗಿಳಿಮೀನುಗಳನ್ನು ಬಡಿಸದೆ, ಋತುಮಾನದ ಬಂಗುಡೆ, ತಾರ್ಲೆಗಳಿಗೆ ಆದ್ಯತೆ ನೀಡಬೇಕು.

2. ಡೈವಿಂಗ್ ಕೇಂದ್ರಗಳು ಹವಳವನ್ನು ಮುಟ್ಟಬಾರದು, ಏನನ್ನೂ ಹೆಕ್ಕಿ ತರಬಾರದು ಎಂಬುದನ್ನು ದೋಣಿ ಹತ್ತುವ ಮೊದಲೇ ಕನ್ನಡದಲ್ಲಿಯೂ ತಿಳಿಸಬೇಕು.

3. ಬಂಡೆಗೆ ಸಿಕ್ಕಿ ಹರಿದ ಬಲೆಯ ಜಾಗವನ್ನು ಮೀನುಗಾರರು ತಿಳಿಸಿದರೆ, ಪರಿಣತ ಡೈವರ್‌ಗಳು ಅದನ್ನು ತೆಗೆಯಬಹುದು. ಅಂತಹ ಬಲೆ ಮೀನನ್ನು ಕೊಲ್ಲುತ್ತಲೇ ಇರುತ್ತದೆ. ಆ ಮೀನು ಯಾರ ತಟ್ಟೆಗೂ ಬಾರದು.

ಮುರುಮೀನಿಗೆ ಒಳ್ಳೆಯ ಬೆಲೆಯಿದೆ. ಬಿಟ್ಟುಬಿಡಿ ಎನ್ನುವುದು ಸುಲಭ, ಬಿಡುವುದು ಕಷ್ಟ. ಆದಕಾರಣ ಆ ನಷ್ಟವನ್ನು ಮೀನುಗಾರರೊಬ್ಬರೇ ಹೊರುವಂತಾಗಬಾರದು. ಡೈವಿಂಗ್ ಕೇಂದ್ರಗಳು ದೋಣಿ, ಚಾಲಕ ಹಾಗೂ ಸಹಾಯಕರನ್ನು ಊರಿನ ಮೀನುಗಾರ ಕುಟುಂಬಗಳಿಂದಲೇ ಪಡೆಯಲಿ. ನೀರಿನಲ್ಲಿ ಉಳಿದ ಮೀನೂ ಅವರ ಮನೆಗೆ ಆದಾಯ ತಂದಾಗ ಮಾತ್ರ ಈ ವಿನಂತಿ ನ್ಯಾಯಯುತವೆನಿಸುತ್ತದೆ. ಈ ಕುರಿತು ಸಭೆಯು ಚರ್ಚಿಸಿ ನಿರ್ಣಯ ಕೈಗೊಳ್ಳಬೇಕೆಂದು ಕೋರಿ ನನ್ನ ಮಾತುಗಳನ್ನು ಮುಗಿಸುತ್ತೇನೆ.