ಸತ್ಯವೇದ ಓದೋಕೆ ಯಾರ ಅಪ್ಪಣೆ?



ಭಾನುವಾರ ಚರ್ಚಿಗೆ ಹೋಗದವನು ಕ್ರೈಸ್ತನೇ ಅಲ್ಲ ಅಂತಾರೆ. ಹಾಸ್ಟೆಲ್ ಕೋಣೇಲಿ ಕೂತು ಸತ್ಯವೇದ ಓದಿದರೆ ಸಾಲದಾ ಅಂತ ನಮ್ಮ ಹುಡುಗರು ಕೇಳ್ತಾರೆ. ಓದೋಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಕೇರಿಗೆ ಅಕ್ಷರವೇ ಬಾರದ ಕಾಲದಲ್ಲಿ, 1831ರ ಹೊತ್ತಿಗೆ, ಬಳ್ಳಾರಿಯಲ್ಲಿ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. ಅಚ್ಚು ಹಾಕಿದ್ದು ಜನ ಓದಲಿ ಅಂತಲೇ, ಪಾದ್ರಿಯ ಪೆಟ್ಟಿಗೇಲಿ ಇರಲಿ ಅಂತಲ್ಲ.

ಹಾಗಂತ ಒಬ್ಬೊಬ್ಬರೇ ಓದಿ ಸುಮ್ಮನಿದ್ದರೆ ಆಯಿತೆ? ಕೇರಳದ ಪೊಯ್ಕಯಿಲ್ ಯೋಹನ್ನಾನ್ ನಮ್ಮಂಥ ಕೇರಿಯಲ್ಲೇ ಹುಟ್ಟಿದವರು. ಮಾರ್ತೋಮಾ ಸಭೆ ಸೇರಿದರು. ಅಲ್ಲೂ ಜಾತಿ ಕಂಡು ಹೊರಬಂದರು. ನಮ್ಮ ಜನದ ಚರಿತ್ರೆ ಎಲ್ಲಿದೆ ಅಂತ ಸತ್ಯವೇದವನ್ನೂ ಕೇಳಿದರು. ಆದರೆ ಮನೇಲಿ ಒಂಟಿಯಾಗಿ ಕೂರಲಿಲ್ಲ. 1909ರಲ್ಲಿ ಪ್ರತ್ಯಕ್ಷ ರಕ್ಷಾ ದೈವ ಸಭೆ ಕಟ್ಟಿದರು. 1921ರಲ್ಲಿ ತಿರುವಾಂಕೂರಿನ ಪ್ರಜಾಸಭೆಯ ಸದಸ್ಯರಾದರು.

ಬೆಂಚು ಬೇರೆ, ಸ್ಮಶಾನ ಬೇರೆ ಮಾಡುವ ಚರ್ಚಿಗೆ ಹೋಗದಿರೋದು ಅವಿಶ್ವಾಸವಲ್ಲ. ಆದರೆ ಬಾಗಿಲು ಹಾಕಿಕೊಂಡು ಓದಿದರೆ ಆ ಬೆಂಚು ಅಲ್ಲೇ ಇರ್ತದೆ. ಯೇಸುವಿಗೆ ಇಬ್ಬರು ಮೂವರು ಕೂಡಿದರೂ ಸಾಕು, ಗೋಪುರ ಬೇಕಿಲ್ಲ. ಕೋಣೆಯಿಂದ ಕೋಣೆಗೆ ಹೋಗಿ ಕರೆಯಿರಿ. ಕೂಡಿ ಓದಿ. ಓದಿದ್ದನ್ನು ಹಿಡಿದು ಚರ್ಚಿನ ಬಾಗಿಲಲ್ಲೇ ಪ್ರಶ್ನೆ ಕೇಳಿ.